ಯಾವ ತಾರೀಕು ನಮ್ಮದು?

2013ರಲ್ಲಿ ಅವ್ವನನ್ನು ಕರಕೊಂಡು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಚೀಟಿ ಬರೆಯುವ ಕಿಟಕಿಯಲ್ಲಿ ಕೇಳಿದರು: 'ಊರು?'

'ಬೀಡಿ.'

'ಚಟ ಅಲ್ಲಬೇ, ಊರು ಹೇಳು.'

'ಊರ ಹೆಸರೇ ಬೀಡಿರೀ. ಖಾನಾಪುರ ತಾಲ್ಲೂಕ.'

ಹಿಂದೆ ಪಾಳಿಯಲ್ಲಿ ನಿಂತವರು ನಕ್ಕರು. ಅವ್ವನೂ ನಕ್ಕಳು. ಮುಂದಿನ ಪ್ರಶ್ನೆಗೆ ನಗು ನಿಂತಿತು. 'ಹುಟ್ಟಿದ ತಾರೀಕು?' ಅವ್ವ ನನ್ನ ಮುಖ ನೋಡಿದಳು.

ಅವ್ವನಿಗೆ ಹುಟ್ಟಿದ ತಾರೀಕಿಲ್ಲ. ಕಾರ್ಡಿನಲ್ಲಿ ಯಾರೋ ಜನವರಿ 1 ಎಂದು ಬರೆದಿದ್ದಾರೆ. ನನಗೊಂದು ಇದೆ, ಜೂನ್ 1. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಕೊಟ್ಟದ್ದು. ನಮ್ಮ ಕೇರಿಯ ಹುಡುಗರೆಲ್ಲ ಹೆಚ್ಚುಕಡಿಮೆ ಅವತ್ತೇ ಹುಟ್ಟಿದವರು. ಮುಂದೆ ನಾನೂ ಮಾಸ್ತರನಾಗಿ ಎಷ್ಟೋ ಮಕ್ಕಳನ್ನು ಜೂನ್ 1ರಂದೇ ಹುಟ್ಟಿಸಿದ್ದೇನೆ. ಇದನ್ನು ಓದುವ ಮಾಸ್ತರರೂ ಈ ಪಾಪದಲ್ಲಿ ಪಾಲುದಾರರೇ ಇರಬೇಕು.

ಹೀಗೆ ತಾರೀಕೇ ಇಲ್ಲದೆ ಬದುಕಿದ ಹೆಂಗಸಿಗೆ ಒಂದೇ ವರ್ಷದಲ್ಲಿ ತಾರೀಕುಗಳ ರಾಶಿ ಬಂದುಬಿತ್ತು. ಮೊಲೆಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದ ದಿನ. ಮೊಲೆ ತೆಗೆದ ದಿನ. ಔಷಧಿ ಏರಿಸಿದ ಕೊನೆಯ ದಿನ. ಕರೆಂಟು ಕೊಟ್ಟ ಕೊನೆಯ ದಿನ. ಎಲ್ಲವೂ ಫೈಲಿನಲ್ಲಿ ಇಂಗ್ಲಿಷಿನಲ್ಲಿವೆ. ಅವ್ವನಿಗೆ ಒಂದನ್ನೂ ಓದಲು ಬಾರದು.

ಈ ಕಾಯಿಲೆಯಿಂದ ಉಳಿದವರು ವರ್ಷಕ್ಕೊಮ್ಮೆ ಒಂದು ದಿನವನ್ನು ಆಚರಿಸುವ ರೂಢಿ ಬೆಳೆದಿದೆ. ಬೆಳಗಾವಿಯ ಒಬ್ಬ ಹೆಣ್ಣುಮಗಳು ಆಪರೇಷನ್ ಆದ ದಿನ ಮನೆಯವರನ್ನೆಲ್ಲ ಕೂಡಿಸಿ ಊಟ ಹಾಕುತ್ತಾಳೆ. ಇದನ್ನು ನಾನು ಹೀಗಳೆಯುವುದಿಲ್ಲ. ಸಾವಿನ ಬಾಗಿಲಿಂದ ಬಂದವರಿಗೆ ಒಂದು ಹೊತ್ತಿನ ಸಂತೋಷದ ಹಕ್ಕೂ ಇಲ್ಲವೇ? ನನ್ನ ಪ್ರಶ್ನೆ ಬೇರೆ. ಈ ದಿನವನ್ನು ಆರಿಸುವವರು ಯಾರು?

ವೈದ್ಯರ ಲೆಕ್ಕ ಬಹುಕಾಲ ಐದು ವರ್ಷದ್ದಾಗಿತ್ತು. ಐದು ವರ್ಷ ರೋಗ ಮರಳದಿದ್ದರೆ ಉಳಿದರು ಎಂದರ್ಥ. ಅಮೆರಿಕದಲ್ಲಿ ಫಿಟ್ಜ್‌ಹ್ಯೂ ಮಲ್ಲನ್ ಎಂಬ ವೈದ್ಯ ತಾನೇ ಕ್ಯಾನ್ಸರಿಗೆ ತುತ್ತಾದವನು. 1985ರಲ್ಲಿ ತನ್ನ ಅನುಭವದಿಂದ ಒಂದು ಲೇಖನ ಬರೆದು, ಮರುವರ್ಷ ತನ್ನಂಥವರ ಜೊತೆ ಸೇರಿ ಸಂಘಟನೆ ಕಟ್ಟಿದ. ರೋಗ ಗೊತ್ತಾದ ದಿನದಿಂದಲೇ, ಬದುಕಿರುವಷ್ಟು ದಿನವೂ ಮನುಷ್ಯ ಉಳಿದವನೇ ಎಂದು ಆ ಸಂಘಟನೆ ಸಾರಿತು. ಇದು ಸಣ್ಣ ಮಾತಲ್ಲ. ಗೆದ್ದವರಿಗೆ ಮಾತ್ರ ಸಲ್ಲುತ್ತಿದ್ದ ಹೆಸರನ್ನು ಅದು ಹಾಸಿಗೆಯಲ್ಲಿ ಮಲಗಿದವರಿಗೂ ಕೊಟ್ಟಿತು. ಆಮೇಲೆ 1988ರಿಂದ ಅಲ್ಲಿ ಜೂನ್ ತಿಂಗಳ ಮೊದಲ ಭಾನುವಾರ ಉಳಿದವರ ದಿನವಾಯಿತು. ಮತ್ತೆ ಜೂನ್! ಎಲ್ಲರಿಗೂ ಒಂದೇ ದಿನ ಹಂಚುವುದು ನಮ್ಮ ಮಾಸ್ತರರ ಬುದ್ಧಿಯಷ್ಟೇ ಅಲ್ಲ ಅನ್ನಿಸಿತು.

ದಿನವನ್ನು ಆರಿಸುವುದೆಂದರೇನು ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಕಿತ್ತೂರಿನಲ್ಲಿ ಉತ್ಸವ ನಡೆಯುವುದು ಅಕ್ಟೋಬರ್ 23ಕ್ಕೆ. 1824ರಲ್ಲಿ ಚೆನ್ನಮ್ಮನ ಪಡೆ ಥ್ಯಾಕರೆಯನ್ನು ಕೆಡವಿದ ದಿನ ಅದು. ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆ ದಿನಕ್ಕೆ ಉತ್ಸವವಿಲ್ಲ. ನಮ್ಮ ತಾಲ್ಲೂಕಿನದೇ ನಂದಗಡದಲ್ಲಿ ಜನ ನೆನೆಯುವುದು ರಾಯಣ್ಣನನ್ನು ಗಲ್ಲಿಗೇರಿಸಿದ 1831ರ ಜನವರಿ 26ನ್ನು. ಅಲ್ಲಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತಾರೆ. ಒಂದೂರು ಗೆಲುವನ್ನು ಹಿಡಿಯಿತು, ಒಂದೂರು ಸಾವನ್ನು ಹಿಡಿದು ಅದರಿಂದಲೇ ಮಕ್ಕಳನ್ನು ಬೇಡಿತು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ಬೌದ್ಧರಾದಾಗ, ಹುಟ್ಟಿನ ದಿನ ಕೈಯಲ್ಲಿಲ್ಲದಿದ್ದರೂ ಇನ್ನೊಮ್ಮೆ ಹುಟ್ಟುವ ದಿನ ಕೈಯಲ್ಲಿದೆ ಎಂದು ತೋರಿಸಿದರು.

ಇಷ್ಟೆಲ್ಲ ತಿಳಿದವನು ಮನೆಯಲ್ಲಿ ಏನು ಮಾಡಿದೆ?

ಔಷಧಿ ಏರಿಸುವಾಗ ಬಿಳಿರಕ್ತಕಣ ಕಡಿಮೆಯಾಗುತ್ತವೆ, ಸೋಂಕು ಬೇಗ ತಗಲುತ್ತದೆ, ಚೊಕ್ಕವಾಗಿರಬೇಕು ಎಂದಿದ್ದರು. ನಾನು ಸಂತೆಯಲ್ಲಿ ಹೊಸ ತಾಟು, ಹೊಸ ಲೋಟ ತಂದು ಅವ್ವನಿಗೆಂದು ಬೇರೆ ಇಟ್ಟೆ. ಅದು ಅವಳ ರಕ್ಷಣೆಗೆ. 2014ರಲ್ಲಿ ಚಿಕಿತ್ಸೆ ಮುಗಿಯಿತು, ಕೂದಲು ಬಂತು, ಅವ್ವ ಕೂಲಿಗೆ ಹೊಂಟಳು. ತಾಟು ಮಾತ್ರ ಬಾಗಿಲ ಮೂಲೆಯಲ್ಲಿಯೇ ಉಳಿಯಿತು. 'ಅಂಟು ಬ್ಯಾನಿ ಅಂತಾರಪಾ' ಎಂದು ಓಣಿಯವರು ಅಂದರು. ಈ ರೋಗ ತಾಟಿನಿಂದ ಹರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಚಹಾದಂಗಡಿಯ ಬೇರೆ ಲೋಟದ ಮೇಲೆ ಹರಿಹಾಯ್ದ ನಾವು ಮನೆಯೊಳಗೆ ಇನ್ನೊಂದು ಬೇರೆ ಲೋಟ ಇಟ್ಟೆವು.

2015ರ ಅಂಬೇಡ್ಕರ್ ಜಯಂತಿಯಂದು ಕೇರಿಯಲ್ಲಿ ಮಾತಾಡಿದೆ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಕುಡಿದದ್ದನ್ನು ಗಂಟಲು ಹರಿಯುವಂತೆ ಹೇಳಿದೆ. ಮನೆಗೆ ಬಂದರೆ ಅವ್ವ ತನ್ನ ತಾಟನ್ನು ತಾನೇ ಬೇರೆ ತೊಳೆಯುತ್ತ ಕೂತಿದ್ದಳು. 'ಭಾಷಣ ಚಲೋ ಮಾಡಿದಿ' ಅಂದಳು. ಅಷ್ಟೇ.

ಅವತ್ತೇ ನಾನು ಬದಲಾಗಲಿಲ್ಲ. ಒಂದೂವರೆ ತಿಂಗಳು ಬೇಕಾಯಿತು. ಕಾರಹುಣ್ಣಿಮೆಯ ದಿನ ಅವ್ವನ ಎದುರು ಕೂತು, ಅವಳ ತಾಟಿನೊಳಗಿನ ಹೋಳಿಗೆ ಮುರಿದುಕೊಂಡೆ. ಅವ್ವ ತಾಟು ಹಿಂದಕ್ಕೆಳೆದಳು. 'ಬ್ಯಾಡೋ' ಅಂದಳು. ಬೇರೆ ಮಾಡಿದವನು ನಾನು, ಮುಟ್ಟಬೇಡ ಅನ್ನುವುದನ್ನು ಕಲಿತವಳು ಅವಳು. ಅಸ್ಪೃಶ್ಯತೆ ಹೀಗೆ ಕೆಲಸ ಮಾಡುತ್ತದೆ.

2018ಕ್ಕೆ ಐದು ವರ್ಷವಾಯಿತು. ಕೇರಿಯಲ್ಲಿ ಪೇಡೆ ಹಂಚೋಣ ಅಂದೆ. ಅವ್ವ ಒಪ್ಪಲಿಲ್ಲ.

'ಗೆದ್ದಿ ಅಂತ ಡಾಕ್ಟರ್ ಹೇಳ್ಯಾರೇನು?'

ಹೇಳಿರಲಿಲ್ಲ. ಮೊಲೆಯ ಕ್ಯಾನ್ಸರ್ ಕೆಲವರಲ್ಲಿ ಹತ್ತು ಹದಿನೈದು ವರ್ಷದ ಮೇಲೂ ಮರಳುತ್ತದೆ. ಅವ್ವ ಇನ್ನೂ ಗುಳಿಗೆ ನುಂಗುತ್ತಿದ್ದಳು. ಅದಕ್ಕಿಂತ ಅವಳನ್ನು ತಡೆದದ್ದು ಇನ್ನೊಂದು. 'ಬಾಜೂ ಕಾಟಿನಾಕಿ ನಡಬರಕ ಬಿಟ್ಟು ಹ್ವಾದ್ಲಲ್ಲ, ಆಕಿ ಮಂದಿ ಯಾವ ದಿನ ಮಾಡಬೇಕೋ?'

ಕಾರ್ಡಿನ ಮೇಲೆ ಚಿಕಿತ್ಸೆ ಸಿಗುತ್ತದೆ, ನಿಜ. ಬಸ್ಸಿಗೆ, ಜೊತೆಗೆ ಬಂದವರ ಊಟಕ್ಕೆ, ತಪ್ಪಿದ ಕೂಲಿಗೆ ಆಗ ಕಾರ್ಡಿರಲಿಲ್ಲ. ನಮ್ಮ ಮನೆಯಲ್ಲಿಯೂ ಆ ವರ್ಷದ ಖಚಿತ ತಾರೀಕೆಂದರೆ ಸಾಲದ ಬಡ್ಡಿ ಕಟ್ಟುವ ತಾರೀಕಾಗಿತ್ತು. ಆ ಹೆಂಗಸಿಗೆ ಸಾಲವೂ ಹುಟ್ಟಲಿಲ್ಲ. ಆಕೆಯ ಫೈಲಿನಲ್ಲಿ ಕೊನೆಯ ದಿನವೇ ಬರೆದಿರಲಿಕ್ಕಿಲ್ಲ. ಉಳಿದವರ ಹಬ್ಬ ಮಾಡುವಾಗ ನಾವು ಈ ಖಾಲಿ ಜಾಗವನ್ನು ನೋಡಬೇಕು. ಧೈರ್ಯವಿದ್ದವರು ಉಳಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಕೆಗೆ ಧೈರ್ಯವಿತ್ತು, ಬಸ್ಸಿನ ರೊಕ್ಕ ಇರಲಿಲ್ಲ.

'ಹಂಗಾರ ನಿನಗ ಯಾವ ದಿನಾನೂ ಬ್ಯಾಡೇನು?' ಅಂದೆ.

ಅವ್ವ ತುಸು ಹೊತ್ತು ಸುಮ್ಮನಿದ್ದಳು. 'ಕಾರಹುಣ್ಣಿವಿ ಬಂತಂದ್ರ ನೆನಪಾಕ್ಕೈತಿ. ಅವತ್ತ ನನ್ನ ತಾಟಿಗೆ ಕೈ ಹಾಕಿದಿ.'

ಆಮೇಲೆ ಹಳೆಯ ಕ್ಯಾಲೆಂಡರ್ ಹುಡುಕಿ ನೋಡಿದೆ. 2015ರ ಜೂನ್ 2. ನನ್ನ ಸುಳ್ಳು ಹುಟ್ಟುಹಬ್ಬದ ಮಾರನೆಯ ದಿನ. ಅದನ್ನು ಅವ್ವನಿಗೆ ಹೇಳಿದರೆ, 'ತಾರೀಕ ನೀ ಇಟಗೋ' ಅಂದಳು. ಅವಳ ದಿನ ಹುಣ್ಣಿಮೆಯ ಹಿಂದೆ ಹೋಗುತ್ತದೆ, ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ.

ರೋಗಿಯ ದೇಹವನ್ನು ಆಸ್ಪತ್ರೆ ಗುಣಪಡಿಸಬಹುದು. ಮನುಷ್ಯರ ನಡುವೆ ಮತ್ತೆ ಕೂರಿಸುವ ಕೆಲಸ ನಮ್ಮದು, ಅದು ಬಾಕಿ ಇರುವತನಕ ಚಿಕಿತ್ಸೆ ಮುಗಿದಿಲ್ಲ. ಅದಕ್ಕೆ ಗೆಳೆಯರೇ, ನಿಮ್ಮೂರಲ್ಲಿ ಇಂಥವರನ್ನು ವೇದಿಕೆಗೆ ಕರೆದು ಹಾರ ಹಾಕುವ ಮೊದಲು ಅವರಿಗೆ ಯಾವ ದಿನ ಬೇಕು ಎಂದು ಕೇಳಿ. ಯಾವುದೂ ಬೇಡ ಅಂದರೆ ಬಿಡಿ, ಅದೂ ಅವರ ಹಕ್ಕು. ಹಾಗೆಯೇ ಅವರ ಮನೆಗೆ ಹೋದಾಗ ತಾಟು ಎಲ್ಲಿಟ್ಟಿದ್ದಾರೆ ಎಂಬುದನ್ನೂ ಒಮ್ಮೆ ನೋಡಿ ಬನ್ನಿ.