ವಿರೋಧೀ ಹಿಂಸೆಗೆ ಮೇರೆ ಎಲ್ಲಿ?

ಶ್ರಾವಕನ ಪಂಚಾಣುವ್ರತಗಳಲ್ಲಿ ಅಹಿಂಸಾಣುವ್ರತವು ಮೊದಲನೆಯದು. ಉಳಿದ ನಾಲ್ಕೂ ಅದರ ರಕ್ಷಣೆಗಾಗಿ ಹಾಕಿದ ಬೇಲಿಗಳು. ಮುನಿಗಳಂತೆ ಗೃಹಸ್ಥನು ಸಕಲ ಹಿಂಸೆಯನ್ನೂ ತ್ಯಜಿಸಲಾರನೆಂಬುದನ್ನು ಬಲ್ಲ ಹಿರಿಯರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವಾಣಿಜ್ಯಾದಿ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ. ಮೇಲೆ ಬಿದ್ದವನಿಂದ ತನ್ನನ್ನೂ ತನ್ನವರನ್ನೂ ಧರ್ಮಾಯತನಗಳನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧೀ ಹಿಂಸೆ. ಕೊಲ್ಲಬೇಕೆಂಬ ಬುದ್ಧಿಯಿಂದಲೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಣುವ್ರತಿಯು ಕಡೆಯದನ್ನು ಸರ್ವಥಾ ತ್ಯಜಿಸಬೇಕು. ಉಳಿದ ಮೂರರಲ್ಲಿ ಸದಾ ಜಾಗರೂಕನಾಗಿರಬೇಕು.

ಯುದ್ಧದ ಮಾತು ಬಂದಾಗ ಅನೇಕರು 'ಅದು ವಿರೋಧೀ ಹಿಂಸೆ, ಗೃಹಸ್ಥನಿಗೆ ಬಾಧಕವಿಲ್ಲ' ಎಂದು ಹೇಳಿ ವಿಚಾರವನ್ನು ಅಲ್ಲಿಗೇ ಮುಗಿಸುವುದುಂಟು. ಆದರೆ ವಿರೋಧೀ ಹಿಂಸೆಗೂ ಒಂದು ಮೇರೆಯುಂಟು. ಎದುರಿಗೆ ಆಕ್ರಮಣಕಾರನಿರಬೇಕು, ಅವನನ್ನು ತಡೆಯುವುದೇ ಉದ್ದೇಶವಾಗಿರಬೇಕು, ಬೇರೆ ಉಪಾಯವಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಹೆಸರು ವಿರೋಧೀ ಎಂದೇ ಉಳಿದು, ಒಳಗಿನ ವಸ್ತು ಮಾತ್ರ ಸಂಕಲ್ಪೀ ಆಗಿಬಿಡುತ್ತದೆ. ಭಯೋತ್ಪಾದನೆಯ ಸಂದರ್ಭದಲ್ಲಿ ಈ ಅಪಾಯವು ಅಧಿಕ. ಭಯೋತ್ಪಾದಕನು ಗುಟ್ಟಾಗಿ ಬಂದು ಕೊಲ್ಲುತ್ತಾನೆ. ಎಷ್ಟೋ ವೇಳೆ ತಾನೂ ಅಲ್ಲಿಯೇ ಸಾಯುತ್ತಾನೆ. ಆ ಮೇಲೆ ಎತ್ತಿದ ಆಯುಧವು ಯಾರ ಮೇಲೆ ಬೀಳಬೇಕು?

2001ರ ಸೆಪ್ಟೆಂಬರ್ 11ರಂದು 19 ಮಂದಿ ನಾಲ್ಕು ವಿಮಾನಗಳನ್ನು ಅಪಹರಿಸಿ ಅಮೆರಿಕದಲ್ಲಿ ಸುಮಾರು 3,000 ಜನರನ್ನು ಕೊಂದರು. ಅದು ಶುದ್ಧ ಸಂಕಲ್ಪೀ ಹಿಂಸೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ 19 ಮಂದಿಯಲ್ಲಿ 15 ಮಂದಿ ಸೌದಿ ಅರೇಬಿಯದವರು. ಅಫ್ಘನ್ ಪ್ರಜೆ ಒಬ್ಬನೂ ಇರಲಿಲ್ಲ. ಅವರನ್ನು ಕಳುಹಿಸಿದ ಬಿನ್ ಲಾಡೆನ್‌ನಿಗೆ ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತವು ಆಶ್ರಯವಿತ್ತಿತ್ತು. ಮೂರೇ ದಿನಗಳಲ್ಲಿ ಅಮೆರಿಕದ ಸಂಸತ್ತು ಬಲಪ್ರಯೋಗಕ್ಕೆ ಅಧಿಕಾರ ಕೊಟ್ಟಿತು. ಅದರಲ್ಲಿ ಕಾಲಾವಧಿಯನ್ನು ನಮೂದಿಸಿರಲಿಲ್ಲ. ಪ್ರತಿನಿಧಿ ಸಭೆಯಲ್ಲಿ 420 ಸದಸ್ಯರು ಪರವಾಗಿ ಮತವಿತ್ತಾಗ, ಕ್ಯಾಲಿಫೋರ್ನಿಯದ ಬಾರ್ಬರಾ ಲೀ ಎಂಬ ಮಹಿಳೆಯೊಬ್ಬರೇ ವಿರುದ್ಧವಾಗಿ ನಿಂತರು. ಅಕ್ಟೋಬರ್ 7ರಂದು ಬಾಂಬಿನ ಮಳೆ ಆರಂಭವಾಯಿತು.

ಇಲ್ಲಿ ಕಷಾಯದ ವಿಚಾರವನ್ನು ನೆನೆಯಬೇಕು. ನಮ್ಮ ಆಗಮ ಪರಂಪರೆಯು ಕ್ರೋಧವನ್ನು ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ ಎಂದು ನಾಲ್ಕು ಬಗೆಯಾಗಿ ಹೋಲಿಸಿದೆ. ಸಂಜ್ವಲನದ ವಾಸನಾಕಾಲ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅನಂತಾನುಬಂಧಿಯದು ಭವಭವಾಂತರದವರೆಗೆ. ವ್ರತಿಯಾದ ಶ್ರಾವಕನಿಗೆ ಮೊದಲಿನ ಎರಡರ ಉದಯ ಮಾತ್ರ ಇರುತ್ತದೆ. ಎಂದರೆ, ಅವನ ಸಿಟ್ಟು ಒಂದು ಪಕ್ಷವನ್ನು ದಾಟಿ ಬೇರೂರಿದರೆ ಅವನ ವ್ರತವೇ ಸಂದೇಹಕ್ಕೆ ಗುರಿಯಾಗುತ್ತದೆ. ಮನೆಮಂದಿಯನ್ನು ಕಳೆದುಕೊಂಡವನಿಗೆ ಸಿಟ್ಟು ಬರಬಾರದೆಂದು ಶಾಸ್ತ್ರವು ಹೇಳಲಿಲ್ಲ. ಅದು ಎಷ್ಟು ದಿನ ಉಳಿಯಬೇಕೆಂದು ಕೇಳಿತು. ಅಫ್ಘಾನಿಸ್ತಾನದ ಯುದ್ಧವು 20 ವರ್ಷ ನಡೆಯಿತು. ಬಿನ್ ಲಾಡೆನ್ 2011ರಲ್ಲಿ ಹತನಾದದ್ದು ಪಾಕಿಸ್ತಾನದ ಅಬೋಟಾಬಾದಿನಲ್ಲಿ. ಯುದ್ಧವು ಅದರ ಅನಂತರವೂ ಹತ್ತು ವರ್ಷ ಮುಂದುವರಿಯಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಅಂದಾಜಿನಂತೆ ಅಲ್ಲಿ ಮಡಿದ ಸಾಮಾನ್ಯ ನಾಗರಿಕರೇ 46,000ಕ್ಕಿಂತ ಅಧಿಕ. ಇದು ಕಲ್ಲಿನ ಮೇಲೆ ಕೊರೆದ ಗೆರೆ.

ದಾನದ ವಿಷಯದಲ್ಲಿಯೂ ಆ ಯುದ್ಧವು ಒಂದು ಪಾಠವನ್ನು ಕಲಿಸುತ್ತದೆ. ಆಗ ಅಫ್ಘಾನಿಸ್ತಾನವು ಬರಗಾಲದಿಂದ ತತ್ತರಿಸುತ್ತಿತ್ತು. ಬಾಂಬಿನ ಜೊತೆಗೆ ಅಮೆರಿಕದ ವಿಮಾನಗಳು ಆಹಾರದ ಪೊಟ್ಟಣಗಳನ್ನೂ ಕೆಳಗೆ ಸುರಿದವು. ಮೊದಲ ದಿನವೇ ಸುಮಾರು 37,000. ಆ ಪೊಟ್ಟಣದಲ್ಲಿ ಮಾಂಸವಿರಲಿಲ್ಲ. ಅದರ ಬಣ್ಣ ಹಳದಿ. ಗೊಂಚಲು ಬಾಂಬುಗಳೊಳಗಿನ ಸಣ್ಣ ಸಿಡಿಗುಂಡುಗಳ ಬಣ್ಣವೂ ಹಳದಿ! ಸಿಡಿಯದೆ ನೆಲದಲ್ಲಿ ಬಿದ್ದ ಗುಂಡನ್ನು ಅನ್ನವೆಂದು ಹಸಿದವರು ಕೈಗೆತ್ತಿಕೊಳ್ಳಬಾರದೆಂದು ಆಕಾಶವಾಣಿಯ ಮೂಲಕ ಎಚ್ಚರಿಸಬೇಕಾಯಿತು. ಕಡೆಗೆ ಆಹಾರದ ಪೊಟ್ಟಣದ ಬಣ್ಣವನ್ನು ನೀಲಿಗೆ ಬದಲಾಯಿಸಲು ನಿರ್ಧರಿಸಿದರು. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದ ಫಲದಲ್ಲಿ ಹೆಚ್ಚುಕಡಿಮೆಯಾಗುವುದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಇಲ್ಲಿ ದ್ರವ್ಯವು ನಿರ್ದೋಷ, ಪಡೆಯುವವರು ನಿಜವಾಗಿ ಹಸಿದವರು. ಕೊಟ್ಟ ವಿಧಿಯೇ ದಾನವನ್ನು ಕೆಡಿಸಿತು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯವಿಲ್ಲದೆ ಉಳಿದ ಮೂರು ನಿಲ್ಲಲಾರವು. ಒಂದು ಕೈಯಿಂದ ಭಯವನ್ನೂ ಇನ್ನೊಂದು ಕೈಯಿಂದ ಅನ್ನವನ್ನೂ ಕೊಟ್ಟರೆ ಉಣ್ಣುವವನ ನೆನಪಿನಲ್ಲಿ ಉಳಿಯುವುದು ಭಯವೇ.

ಶಂಕೆ: ಕೊಲೆಗಡುಕರೊಡನೆ ಮಾತುಕತೆ ಹೇಗೆ ಸಾಧ್ಯ? ತಾಲಿಬಾನರು 1999ರಲ್ಲಿಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮಾತನ್ನು ಮೀರಿ ಬಿನ್ ಲಾಡೆನ್‌ನನ್ನು ಒಪ್ಪಿಸಲಿಲ್ಲವಲ್ಲ?

ಸಮಾಧಾನ: ಈ ಶಂಕೆಯು ಹಗುರವಾದುದಲ್ಲ. ಬಾಂಬ್ ದಾಳಿ ನಿಂತು ಸಾಕ್ಷ್ಯವನ್ನು ತೋರಿಸಿದರೆ ಅವನನ್ನು ಮೂರನೆಯ ದೇಶಕ್ಕೆ ಒಪ್ಪಿಸುವ ಮಾತಾಡಬಹುದೆಂದು 2001ರ ಅಕ್ಟೋಬರ್ ಮಧ್ಯದಲ್ಲಿ ತಾಲಿಬಾನರು ಹೇಳಿದಾಗ ಅಧ್ಯಕ್ಷ ಬುಷ್ ತಿರಸ್ಕರಿಸಿದರು. ಅದು ಕಾಲಹರಣದ ಮಾತೇ ಆಗಿದ್ದಿರಬಹುದು. ಆದರೆ ಪರೀಕ್ಷಿಸದೆ ಬಿಟ್ಟ ಉಪಾಯವನ್ನು 'ಇಲ್ಲದ ಉಪಾಯ' ಎನ್ನಲಾಗದು. ಕಡೆಗೆ ಆದದ್ದಾದರೂ ಏನು? 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅದೇ ತಾಲಿಬಾನರೊಡನೆ ಅಮೆರಿಕವು ಒಪ್ಪಂದಕ್ಕೆ ಸಹಿ ಹಾಕಿತು. 2021ರ ಆಗಸ್ಟ್ 15ರಂದು ಕಾಬೂಲ್ ಅವರ ಕೈಗೇ ಮರಳಿತು. ಯಾರೊಡನೆ ಮಾತೇ ಸಲ್ಲದೆಂದು ಯುದ್ಧ ಹೂಡಿದರೋ ಅವರೊಡನೆಯೇ ಅಷ್ಟು ಹೆಣಗಳನ್ನು ದಾಟಿ ಬಂದು ಮಾತಾಡಬೇಕಾಯಿತು.

ಶಂಕೆ: ಮಾತುಕತೆಯಿಂದ ಭಯೋತ್ಪಾದನೆ ನಿಂತದ್ದುಂಟೆ?

ಸಮಾಧಾನ: ಉಂಟು. ಉತ್ತರ ಐರ್ಲೆಂಡಿನಲ್ಲಿ ಮೂವತ್ತು ವರ್ಷಗಳ ಕಲಹದಲ್ಲಿ ಸುಮಾರು 3,500 ಜನ ಸತ್ತರು. 1972ರ ಜನವರಿ 30ರಂದು ಡೆರಿ ಪಟ್ಟಣದಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಮಂದಿಯನ್ನು ಕೊಂದಾಗ ಐ.ಆರ್.ಎ. ಎಂಬ ಸಶಸ್ತ್ರ ಸಂಘಟನೆಗೆ ಸೇರುವ ತರುಣರ ಸಂಖ್ಯೆ ಏರಿತು. ದಂಡವು ಶತ್ರುವನ್ನು ಬೆಳೆಸಿತು. 1998ರ ಏಪ್ರಿಲ್ 10ರಂದು ದೀರ್ಘ ಮಾತುಕತೆಯ ಫಲವಾಗಿ ಒಪ್ಪಂದವಾಯಿತು. ಅದೇ ಆಗಸ್ಟ್ 15ರಂದು ಒಪ್ಪಂದವನ್ನು ಒಪ್ಪದ ಬಣವೊಂದು ಓಮಾ ಪಟ್ಟಣದಲ್ಲಿ ಬಾಂಬಿಟ್ಟು 29 ಮಂದಿಯನ್ನು ಕೊಂದಿತು. ಆ ದಿನ ಒಪ್ಪಂದವನ್ನು ಹರಿದೆಸೆಯುವುದು ಬಹಳ ಸುಲಭವಿತ್ತು. ಹಾಗೆ ಮಾಡಲಿಲ್ಲ. 2005ರಲ್ಲಿ ಐ.ಆರ್.ಎ. ತನ್ನ ಆಯುಧಗಳನ್ನು ತ್ಯಜಿಸಿತು.

ಅಪರಾಧಿಯನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ಪೂರ್ಣಗೊಳಿಸಿದ ಯಶಸ್ತಿಲಕದಲ್ಲಿ ರಾಜನ ಆಯುಧಕ್ಕೆ ಸ್ಪಷ್ಟವಾದ ಗಡಿಯನ್ನು ಹಾಕಿದ್ದಾರೆ: ರಣದಲ್ಲಿ ಎದುರಾದ ಶತ್ರುವಿನ ಮೇಲೆ, ಸ್ವದೇಶಕ್ಕೆ ಕಂಟಕನಾದವನ ಮೇಲೆ ಅದು ಸಲ್ಲುತ್ತದೆ, ದೀನರ ಮೇಲೆ, ಸದಾಶಯದವರ ಮೇಲೆ ಸಲ್ಲದು. ಕಂಟಕನನ್ನು ಹಿಡಿದು ನ್ಯಾಯದ ಮುಂದೆ ನಿಲ್ಲಿಸುವುದು ರಾಜಧರ್ಮ; ಅವನು ಅಡಗಿದ ಊರನ್ನೇ ಸುಡುವುದು ಅಧರ್ಮ. ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾದಾಗಲೂ ಉಭಯಪಕ್ಷದ ಮಂತ್ರಿಗಳು ನಿರಪರಾಧಿ ಸೈನಿಕರ ವಧೆ ಬೇಡವೆಂದು ನಿಶ್ಚಯಿಸಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಡೆಯರನ್ನು ಒಪ್ಪಿಸಿದರು. ರಾಯಭಾರಕ್ಕೆ ಇದಕ್ಕಿಂತ ಹಿರಿಯ ಕೆಲಸವಿಲ್ಲ.

ಈ ಮಾರ್ಗಕ್ಕೂ ಬೆಲೆಯುಂಟು. ಸಂಧಾನವು ವಿಫಲವಾಗಬಹುದು, ಕೊಟ್ಟ ನೆರವನ್ನು ದುಷ್ಟರು ಕಬಳಿಸಬಹುದು, ತಾಳ್ಮೆಯನ್ನು ಹೇಡಿತನವೆಂದು ಜನರು ಹಳಿಯಬಹುದು. ವ್ರತವನ್ನು ಸ್ವೀಕರಿಸುವವನು ಪರೀಷಹಗಳನ್ನು ಲೆಕ್ಕ ಹಾಕಿಯೇ ಸ್ವೀಕರಿಸುತ್ತಾನೆ. ಸೆಪ್ಟೆಂಬರ್ 11ರಂದು ತಮ್ಮವರನ್ನು ಕಳೆದುಕೊಂಡ ಅಮೆರಿಕನರಲ್ಲಿಯೇ ಕೆಲವರು 2002ರ ಜನವರಿಯಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ, ಬಾಂಬಿಗೆ ಬಂಧುಗಳನ್ನು ಬಲಿಕೊಟ್ಟ ಮನೆಗಳವರನ್ನು ಕಂಡರು. ಅವರು ಜಿನಾಗಮವನ್ನು ಓದಿದವರಲ್ಲ. ಆದರೂ ಅವರ ಶೋಕವು ಕ್ರೋಧವಾಗಿ ಗಟ್ಟಿಯಾಗದೆ ಅನುಕಂಪೆಯಾಗಿ ಕರಗಿತು.

ಕಷಾಯವನ್ನು ಬಿಡದೆ ಆಹಾರವನ್ನು ಮಾತ್ರ ಬಿಟ್ಟರೆ ಅದು ಲಂಘನ, ಉಪವಾಸವಲ್ಲ ಎಂಬುದು ಶ್ರಾವಕರಿಗೆಲ್ಲ ತಿಳಿದ ಮಾತು. ಎಲ್ಲಿಯೋ ಸ್ಫೋಟವಾದ ಸುದ್ದಿ ಬಂದ ದಿನ ಮನೆಯಲ್ಲಿ 'ಆ ದೇಶವನ್ನೇ ಅಳಿಸಿಬಿಡಬೇಕು' ಎಂಬ ಮಾತು ಸುಲಭವಾಗಿ ಹೊರಡುತ್ತದೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಲ್ಲಿ ಆ ಮಾತು ಮೂರನೆಯದು. ಆಸ್ರವಕ್ಕೆ ಅಷ್ಟು ಸಾಕು. ಅಷ್ಟಮಿ ಚತುರ್ದಶಿಗಳಂದು ಪ್ರೋಷಧವನ್ನು ಆಚರಿಸುವ ಮನೆಯವರು ಆ ಮಾತನ್ನೂ ಅಂದು ತ್ಯಜಿಸುವ ನಿಯಮವನ್ನು ಸ್ವೀಕರಿಸಲಿ. ಯುದ್ಧಗಳು ರಾಜಧಾನಿಗಳಲ್ಲಿ ಘೋಷಣೆಯಾಗುತ್ತವೆ. ಅವುಗಳಿಗೆ ಬೇಕಾದ ಅನುಮೋದನೆಯು ಮನೆಗಳಲ್ಲಿ ಸಿದ್ಧವಾಗುತ್ತದೆ.