ಬೀಗದ ಕೈಗೆ ಕಟ್ಟಿದ ದೀಪ

ಈ ತಿಂಗಳು ನಾವು ಒಂದು ಬಹು ಚಿಕ್ಕ ವಸ್ತುವನ್ನು ಕುರಿತು ನಿಮ್ಮ ಸಂಗಡ ಮಾತಾಡಬೇಕೆಂದಿದ್ದೇವೆ. ಸಂತೆಗಳಲ್ಲಿಯೂ ಜಾತ್ರೆಗಳಲ್ಲಿಯೂ ಬಳೆ ಬಾಚಣಿಗೆಗಳ ಮಗ್ಗುಲಲ್ಲಿ ತೂಗಹಾಕಿ ಅಲ್ಪ ಬೆಲೆಗೆ ಮಾರುವ, ಬೀಗದ ಕೈಗೊಂಚಲಿಗೆ ಕಟ್ಟತಕ್ಕ ಪುಟ್ಟ ದೀಪವೇ ಅದು. ಒತ್ತಿದರೆ ಬೆಳಗುತ್ತದೆ, ಬಿಟ್ಟರೆ ಆರುತ್ತದೆ. ಅದನ್ನು ಮಕ್ಕಳ ಆಟದ ಸಾಮಾನೆಂದು ನಾವೂ ಬಹು ಕಾಲ ತಾತ್ಸಾರ ಮಾಡಿದೆವು. ಆ ತಾತ್ಸಾರವು ತಪ್ಪೆಂದು ನಮಗೆ ಕಲಿಸಿದಾಕೆಯು ನಮ್ಮ ಸಭೆಯ ಒಬ್ಬ ವೃದ್ಧ ವಿಧವೆಯು.

ಒಂದು ಮಳೆಗಾಲದ ರಾತ್ರಿ ನೆರೆಯ ಹಳ್ಳಿಯಲ್ಲಿ, ಆಕೆಯ ಮನೆಯಲ್ಲಿ ಪ್ರಾರ್ಥನೆಯನ್ನು ಮುಗಿಸಿ ಹೊರಡುವಾಗ ಕರೆಂಟು ಹೋಗಿತ್ತು. ನಮ್ಮ ದೊಡ್ಡ ಟಾರ್ಚು ಮನೆಯ ಗೂಟದಲ್ಲಿ ತೂಗುತ್ತಿತ್ತು; ಮೊಬೈಲಿನ ಚಾರ್ಜು ಮುಗಿದಿತ್ತು. "ತಿಳಿದ ದಾರಿಯೇ, ಅಜ್ಜಿ, ಚಿಂತೆಯಿಲ್ಲ" ಅಂದೆವು. ಆಕೆಯು ಸೊಂಟದಲ್ಲಿದ್ದ ಬೀಗದ ಕೈಯಿಂದ ಪುಟ್ಟ ದೀಪವನ್ನು ಬಿಚ್ಚಿ ನಮ್ಮ ಕೈಯಲ್ಲಿಟ್ಟು, "ಅಯ್ಯನವರೇ, ದಾರಿ ನಿಮಗೆ ಗೊತ್ತು, ದಾರಿಯ ಮೇಲೆ ಏನು ಮಲಗಿದೆಯೋ ಅದೂ ಗೊತ್ತೋ?" ಎಂದು ಕೇಳಿದಳು. ನಾವು ಸಂಕೋಚದಿಂದಲೇ ತೆಗೆದುಕೊಂಡೆವು. ಹೊಲದ ಬದುವನ್ನು ಹತ್ತುವಷ್ಟರಲ್ಲಿ, ಆ ಅಲ್ಪ ಬೆಳಕಿನ ಅಂಚಿನಲ್ಲಿ ಒಂದು ಕೊಳಕುಮಂಡಲವು ಸುರುಳಿಕಟ್ಟಿಕೊಂಡು ಕದಲದೆ ಬಿದ್ದಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಮ್ಮ ಕಾಲು ಅದರ ಮೇಲೆಯೇ ಬೀಳುತ್ತಿತ್ತು.

ಇದು ನಮ್ಮೊಬ್ಬರಿಗೇ ಬಂದ ಗಂಡಾಂತರವಲ್ಲ. 2000ರಿಂದ 2019ರ ವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸುಮಾರು 58,000 ಮಂದಿ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರು ನಮ್ಮಂಥ ಹಳ್ಳಿಗರೇ. ಸುಮಾರು ಅರ್ಧದಷ್ಟು ಮರಣಗಳು ಮಳೆಗಾಲದಲ್ಲಿಯೇ ಸಂಭವಿಸಿದವು. ಹಾವಿನ ಕಡಿತದ ಪ್ರತಿಯೊಂದು ಸಂಗತಿಯನ್ನು ಸರಕಾರಕ್ಕೆ ತಿಳಿಸಬೇಕೆಂದು ಕರ್ನಾಟಕವು 2024ರಲ್ಲಿ ಆಜ್ಞೆಮಾಡಿತು. ಹೀಗಿರಲಾಗಿ, ರಾತ್ರಿಯಲ್ಲಿ ಕತ್ತಲೆಯಲ್ಲಿ ನಡೆಯುವದು ಧೈರ್ಯವೋ, ಅಜಾಗ್ರತೆಯೋ, ನೀವೇ ಹೇಳಿರಿ.

ಈ ದೀಪದೊಳಗೆ ಏನಿದೆ? ಎಲ್‌ಇಡಿ ಎಂಬ ಬೆಳಕಿನ ಕಣವೊಂದು, ನಾಣ್ಯದಂಥ ಸೆಲ್ಲು ಒಂದು ಇಲ್ಲವೆ ಎರಡು, ಒತ್ತುವ ಗುಂಡಿಯೊಂದು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯು 1962ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಪ್ರಖರವಾದ ನೀಲಿಯು ಸಿದ್ಧವಾದದ್ದು 1993ರಲ್ಲಿ, ಜಪಾನಿನಲ್ಲಿ. ಆ ನೀಲಿಗಾಗಿ ವರ್ಷಾಂತರ ದುಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ನೀಲಿಯ ಮೇಲೆ ಹಳದಿ ಬೆಳಕನ್ನು ಕೊಡುವ ಪುಡಿಯನ್ನು ಲೇಪಿಸಿದರೆ, ಎರಡೂ ಕೂಡಿ ನಮ್ಮ ಕಣ್ಣಿಗೆ ಬಿಳುಪಾಗಿ ತೋರುತ್ತದೆ. ಅದಕ್ಕೆ ಸುಮಾರು 3 ವೋಲ್ಟಿನ ಬಲ ಬೇಕು. ಒಂದು ಲಿಥಿಯಂ ನಾಣ್ಯಸೆಲ್ಲು ಕೊಡುವದೂ ಅಷ್ಟೇ. ಆದುದರಿಂದಲೇ ಇಂಥ ದೀಪವು ಇಷ್ಟು ಚಿಕ್ಕದೂ ಇಷ್ಟು ಅಗ್ಗವೂ ಆಗಿರುತ್ತದೆ. ಮೂವತ್ತು ವರ್ಷಗಳ ಶ್ರಮದ ಫಲವು ಸಂತೆಯ ದಾರದಲ್ಲಿ ತೂಗುತ್ತಿರುವಾಗ, ಅಗ್ಗವೆಂಬ ಕಾರಣದಿಂದ ಅದನ್ನು ಹೀನೈಸುವದು ತಕ್ಕದ್ದಲ್ಲ.

ಇದರಿಂದ ನಾವು ಮೂರು ಬುದ್ಧಿಗಳನ್ನು ಕಲಿಯುವ.

ಮೊದಲನೆಯದು: ಸಂಗಡ ಇರುವ ಕಿರುಬೆಳಕು ಮನೆಯಲ್ಲಿ ಬಿಟ್ಟುಬಂದ ದೊಡ್ಡ ದೀಪಕ್ಕಿಂತ ಮೇಲು. ನಮ್ಮ ಟಾರ್ಚು ದೂರದ ತೆಂಗಿನ ತುದಿಯನ್ನು ತೋರಿಸಬಲ್ಲದು. ಆ ರಾತ್ರಿ ಅದು ಗೋಡೆಯನ್ನು ಕೂಡ ಬೆಳಗಲಿಲ್ಲ. ಭಕ್ತಿಯ ವಿಷಯದಲ್ಲಿಯೂ ಹಾಗೆಯೇ. ಭಾನುವಾರದ ದೊಡ್ಡ ಪ್ರಸಂಗವು ಸೋಮವಾರ ಹೊಲದಲ್ಲಿ ಜಗಳ ಹುಟ್ಟುವಾಗ ಮನಸ್ಸಿನಲ್ಲಿ ಇಲ್ಲದಿದ್ದರೆ ಅದರಿಂದ ಏನು ಪ್ರಯೋಜನ?

ಎರಡನೆಯದು: ಈ ದೀಪವು ಊರ ತನಕದ ದಾರಿಯನ್ನು ತೋರಿಸುವದಿಲ್ಲ, ಮೂರು ನಾಲ್ಕು ಹೆಜ್ಜೆಗಳನ್ನು ಮಾತ್ರ ತೋರಿಸುತ್ತದೆ. ಆದರೂ ನಾವು ಒಂದು ಹೆಜ್ಜೆ ಇಟ್ಟರೆ ಬೆಳಕೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಹೀಗೆಯೇ ಮನೆ ಸೇರುತ್ತೇವೆ. ಮಗಳ ಮದುವೆ, ಸಾಲ, ಬೆಳೆ, ಇವೆಲ್ಲವುಗಳ ಕೊನೆಯನ್ನು ಈ ಹೊತ್ತೇ ಕಾಣಬೇಕೆಂದು ನಿದ್ರೆಗೆಡುವವರೇ, ಈ ದಿನದ ಹೆಜ್ಜೆಗೆ ಬೆಳಕು ಇದೆಯೋ ಇಲ್ಲವೋ ನೋಡಿರಿ.

ಮೂರನೆಯದು: ಎಣ್ಣೆಯನ್ನು ಮರೆಯಬಾರದು. ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನೀವು ಅನೇಕಾವರ್ತಿ ಕೇಳಿದ್ದೀರಿ. ದೀಪಗಳು ಹತ್ತು ಮಂದಿಗೂ ಇದ್ದವು. ಐವರ ಹತ್ತಿರ ಬೇರೆ ಎಣ್ಣೆ ಇರಲಿಲ್ಲ. ನಮ್ಮ ಕಾಲದ ಎಣ್ಣೆಯು ಸೆಲ್ಲೇ. ಜೇಬಿನಲ್ಲಿ ಗುಂಡಿಯು ಒತ್ತಿಕೊಂಡಿದ್ದರೆ ಯಾರಿಗೂ ಕಾಣದೆ ಅದು ಉರಿದು ತೀರುತ್ತದೆ. ವಾರಕ್ಕೊಮ್ಮೆ ಕತ್ತಲೆಯಲ್ಲಿ ಒತ್ತಿ ಪರೀಕ್ಷಿಸಿರಿ, ಮಂಕಾದರೆ ಬದಲಾಯಿಸಿರಿ. ಸೆಲ್ಲಿನ ಮೇಲಿನ ಅಂಕಿಯನ್ನೂ ಓದಿರಿ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ, 2016 ಅಂದರೆ ಅದೇ ಅಗಲ, 1.6 ದಪ್ಪ. ಎರಡು 2016ಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು 2032ರ ದಪ್ಪವೇ ಆದೀತು, ಆದರೆ ಬಲವು 3 ವೋಲ್ಟ್ ಅಲ್ಲ, 6. ಆದುದರಿಂದ ಮೊದಲು ಯಾವದು ಇತ್ತೋ ಅದನ್ನೇ ಹಾಕಿರಿ.

ತಾಯಂದಿರೇ, ಇಲ್ಲಿ ನಿಮಗೆ ಒಂದು ಕಟ್ಟಪ್ಪಣೆಯಾಗಿ ಹೇಳುತ್ತೇವೆ. ಈ ನಾಣ್ಯಸೆಲ್ಲು ಕೂಸಿನ ಬಾಯಿಗೆ ಹೋಗಕೂಡದು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿಯ ತೇವದಲ್ಲಿ ವಿದ್ಯುತ್ತು ಹರಿದು ಕ್ಷಾರವು ಹುಟ್ಟಿ, 2 ತಾಸುಗಳೊಳಗೇ ಮಾಂಸವನ್ನು ಸುಡಬಲ್ಲದು. ದೀಪವನ್ನು ಹಚ್ಚಲಾರದ ಹಳೇ ಸೆಲ್ಲಿನಲ್ಲಿಯೂ ಸುಡುವಷ್ಟು ಬಲವು ಉಳಿದಿರುತ್ತದೆ. ಮಗು ನುಂಗಿತೆಂಬ ಸಂಶಯ ಬಂದರೂ ಸಾಕು, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿರಿ. ಮುಚ್ಚಳಕ್ಕೆ ತಿರುಪು ಇರುವ ದೀಪವನ್ನೇ ಆರಿಸಿರಿ. ತೊಟ್ಟಿಲ ಮಗುವಿಗೆ ಬೀಗದ ಕೈಗೊಂಚಲನ್ನು ಆಟಕ್ಕೆ ಕೊಡಬೇಡಿರಿ. ಹಾಗೆಯೇ, ಬೆಳಕಿದ್ದಾಗ್ಯೂ ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬೇಡಿರಿ, ಬಿಗಿದು ಕಟ್ಟಬೇಡಿರಿ, ಮಂತ್ರ ಮದ್ದುಗಳಲ್ಲಿ ಹೊತ್ತು ಕಳೆಯಬೇಡಿರಿ. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು ಆಸ್ಪತ್ರೆಯಲ್ಲಿದೆ.

ಮರುದಿನ ನಾವು ಆ ವಿಧವೆಯ ದೀಪವನ್ನು ಹಿಂದಕ್ಕೆ ಕೊಟ್ಟು, ಸಂತೆಯಲ್ಲಿ ಎರಡನ್ನು ಕೊಂಡೆವು. ಒಂದು ನಮ್ಮ ಬೀಗದ ಕೈಯಲ್ಲಿದೆ. ಇನ್ನೊಂದನ್ನು ರಾತ್ರಿ ನೀರು ಕಟ್ಟಲು ಗದ್ದೆಗೆ ಹೋಗುವ ನೆರೆಯವನಿಗೆ ಕೊಟ್ಟೆವು. ಅವನು ನಮ್ಮ ಸಭೆಯವನಲ್ಲ. ಹಾವು ಅದನ್ನು ವಿಚಾರಿಸುವದಿಲ್ಲ, ಪ್ರೀತಿಯೂ ವಿಚಾರಿಸಬಾರದು. ಪ್ರಿಯರೇ, ಈ ರಾತ್ರಿ ಹೊಸ್ತಿಲನ್ನು ದಾಟುವ ಮುಂಚೆ ನಿಮ್ಮ ದೀಪವನ್ನು ಒಮ್ಮೆ ಒತ್ತಿ ನೋಡಿರಿ. ಅನಂತರ ಕೇಳಿರಿ, ಪಕ್ಕದ ಮನೆಯವನ ಕೈಯಲ್ಲಿ ಬೆಳಕಿದೆಯೋ?