ವಿಂಗ್ ಹಿಂದಿನ ಅಳು

ತಾಂಬರಂನಲ್ಲಿ ನನ್ನ ಮನೆ ರೈಲು ಹಳಿಗೆ ಹತ್ತಿರ. ನಸುಕಿನಿಂದಲೇ ಲೋಕಲ್ ರೈಲುಗಳ ಸದ್ದು, ನಡುನಡುವೆ ಏರ್‌ಫೋರ್ಸ್ ಸ್ಟೇಷನ್ನಿನ ವಿಮಾನಗಳದ್ದು. ವಾರವಿಡೀ ಕೋಡ್ ಬರೆದು, ವಾರಾಂತ್ಯದಲ್ಲಿ ನಮ್ಮ ಹವ್ಯಾಸಿ ಕನ್ನಡ ತಂಡದ ನಾಟಕಗಳಿಗೆ ಸೌಂಡ್ ಮಾಡುವ ನನಗೆ ಇದೆಲ್ಲ ಕಚ್ಚಾ ಸಾಮಗ್ರಿ. ಜೇಬಿನಲ್ಲಿ ಪುಟ್ಟ ರೆಕಾರ್ಡರ್ ಇದ್ದೇ ಇರುತ್ತದೆ.

ಎರಡು ವರ್ಷದ ಹಿಂದೆ ಎದುರು ಮನೆಯ ಅಜ್ಜ ತೀರಿಕೊಂಡರು. ಬೀದಿಗೆ ಶಾಮಿಯಾನ ಬಂತು, ಪರೈ ಬಡಿಯುವವರು ಬಂದರು. ಅವರ ಮಗಳು ಒಪ್ಪಾರಿ ಹಾಡುತ್ತ ಅತ್ತರು. ಒಪ್ಪಾರಿ ಅಂದರೆ ತಮಿಳರ ಸಾವಿನ ಹಾಡು. ಸತ್ತವರನ್ನೇ ಎದುರಿಗಿಟ್ಟುಕೊಂಡು ಮಾತಾಡಿಸುವ ಅಳು. ನೀನು ತುಳಿಯುತ್ತಿದ್ದ ಸೈಕಲ್ಲು ಗೋಡೆಗೆ ಒರಗಿಯೇ ಇದೆಯಲ್ಲಪ್ಪಾ ಎಂಬಂಥ ಮಾತುಗಳು. ನಾನು ಬಾಲ್ಕನಿಯಲ್ಲಿ ನಿಂತು ಹನ್ನೊಂದು ನಿಮಿಷ ರೆಕಾರ್ಡ್ ಮಾಡಿದೆ. ಆಗ ಮನಸ್ಸಿಗೆ ಬಂದದ್ದು, ಹೇಳಲು ನಾಚಿಕೆ, 'ಎಷ್ಟು ಕ್ಲೀನಾಗಿ ಬರ್ತಿದೆ!' ಫೋಟೋ ತೆಗೆದಿದ್ದರೆ ಯಾರಾದರೂ ತಲೆಯೆತ್ತಿ ಬೈಯುತ್ತಿದ್ದರು. ಮೈಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಳೆದ ವರ್ಷದ ನಮ್ಮ ನಾಟಕದ ಎರಡನೇ ಅಂಕದಲ್ಲಿ ರಂಗದ ಆಚೆ ಒಂದು ಸಾವು. ಒಳಗಿನಿಂದ ಹೆಂಗಸಿನ ಅಳು ಕೇಳಬೇಕು. ನಮ್ಮ ನಟಿ ಎಷ್ಟು ಪ್ರಯತ್ನಿಸಿದರೂ ಅದು ಸುಳ್ಳೆನ್ನಿಸುತ್ತಿತ್ತು. ನಾನು ಲ್ಯಾಪ್‌ಟಾಪ್ ತೆರೆದೆ. ಚೆನ್ನೈ ಕನ್ನಡಿಗರಿಗೆಲ್ಲ ತಮಿಳು ಬರುತ್ತದಲ್ಲ, ಹಾಗಾಗಿ ಸೈಕಲ್ಲು, 'ಅಪ್ಪಾ', ಊರಿನ ಹೆಸರು ಎಲ್ಲ ಕತ್ತರಿಸಿ, ಮಾತಿಲ್ಲದ ನಲವತ್ತು ಸೆಕೆಂಡು ಉಳಿಸಿಕೊಂಡೆ. ಗುರುತು ಅಳಿಸಿದೆ, ಅದೇ ಮರ್ಯಾದೆ ಎಂದುಕೊಂಡೆ.

ಇನ್ನು ತಾಂತ್ರಿಕ ಕೆಲಸ. ಅಳು ದೊಡ್ಡ ಸ್ಪೀಕರಿನಿಂದ ಬಂದರೆ ಸಿನಿಮಾ ಆಗಿಬಿಡುತ್ತದೆ. ಎಡ ವಿಂಗ್ ಹಿಂದೆ ಒಂದು ಚಿಕ್ಕ ಸ್ಪೀಕರನ್ನು ಗೋಡೆಗೆ ಮುಖ ಮಾಡಿ ಇಟ್ಟೆ, ಮೇಲಿನ ಸ್ವರಗಳನ್ನು ತಗ್ಗಿಸಿದೆ. ಶಬ್ದಕ್ಕೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಕಿವಿ ಮೊದಲು ಬಂದದ್ದನ್ನು ನಂಬುತ್ತದೆ. ಸಭಾಂಗಣದ ಸ್ಪೀಕರುಗಳನ್ನು ಅದಕ್ಕಿಂತ ಒಂದಿಷ್ಟು ಮಿಲಿಸೆಕೆಂಡ್ ತಡ ಮಾಡಿ, ಮೆಲ್ಲಗೆ ಬಿಟ್ಟರೆ, ಕೊನೆಯ ಸಾಲಿನವರೂ ಅಳು ವಿಂಗ್ ಹಿಂದಿನಿಂದಲೇ ಬಂತೆಂದು ಆಣೆ ಮಾಡುತ್ತಾರೆ. ಇದನ್ನು ಹೊಂದಿಸಲು ಒಂದು ಸಂಜೆ ಹಿಡಿಯಿತು. ಆ ಸಂಜೆ ಆಕೆ ಮೂವತ್ತು ಸಲವಾದರೂ ಅತ್ತಿರಬೇಕು. ನಾವು ನಡುವೆ ಟೀ ಕುಡಿದೆವು.

ಪ್ರದರ್ಶನದ ದಿನ ಆ ನಲವತ್ತು ಸೆಕೆಂಡು ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಮರುದಿನ ಗೇಟಿನ ಬಳಿ ಅದೇ ಅಕ್ಕ ಸಿಕ್ಕರು. 'ನಾಟಕ ಹೇಗಾಯ್ತು ತಂಬಿ?' ಚೆನ್ನಾಗಾಯ್ತು ಅಂದೆ. ಅಷ್ಟೇ ಅಂದೆ.

ನಿರ್ದೇಶಕರು ಹೇಳುವುದು: ಕತೆಗಾರರೂ ಅಕ್ಕಪಕ್ಕದವರ ಬದುಕನ್ನು ಕದಿಯುತ್ತಾರಲ್ಲವೇ? ಒಪ್ಪಾರಿಯೂ ಒಂದು ಕಲೆಯೇ, ದುಡ್ಡು ಕೊಟ್ಟು ಹಾಡಿಸುವುದೂ ಉಂಟು. ಎರಡೂ ಸರಿಯೇ. ಆದರೆ ಕತೆಗಾರ ತನ್ನ ಮಾತಿನಲ್ಲಿ ಹೇಳುತ್ತಾನೆ, ಕೆಟ್ಟದಾಗಿ ಹೇಳಿದರೆ ಸೋಲು ಅವನದು. ಸಿಕ್ಕ ಸಿಕ್ಕ ವಸ್ತುಗಳಿಂದ ರಂಗಕ್ಕೆ ಸದ್ದು ಹುಟ್ಟಿಸಿದ ಬಿ.ವಿ. ಕಾರಂತರನ್ನು ನೆನೆಯುತ್ತೇನೆ, ಅಲ್ಲಿ ಸದ್ದು ಮಾಡುವವನು ಪಕ್ಕದಲ್ಲೇ ಕೂತಿರುತ್ತಾನೆ, ಬೇಡವೆನಿಸಿದರೆ ಕೈ ಕೆಳಗಿಡಬಹುದು. ನಟಿ ಪ್ರತಿ ಸಂಜೆ ಅಳಲು ಒಪ್ಪಿ ಬರುತ್ತಾಳೆ. ಆ ಅಕ್ಕ ಅತ್ತದ್ದು ಒಮ್ಮೆ. ನಾನು ಗುಂಡಿ ಒತ್ತಿದಾಗಲೆಲ್ಲ ಅವರು ಅಳಲೇಬೇಕು.

ಹಾಗಾದರೆ ಹೊರಗಿನ ಯಾವ ಸದ್ದನ್ನೂ ಮುಟ್ಟಬಾರದೇ? ಕಾರ್ನಾಡರು ಇದೇ ಮದರಾಸಿನಲ್ಲಿ ಆಕ್ಸ್‌ಫರ್ಡ್ ಪ್ರೆಸ್ಸಿನ ಕೆಲಸದಲ್ಲಿದ್ದಾಗ, 1964ರಲ್ಲಿ, 'ತುಘಲಕ್' ಬಂತು. ಅದರ ಕೊನೆಯಲ್ಲಿ ಪ್ರಾರ್ಥನೆಯ ಕರೆ ಕೇಳುತ್ತಿರುವಂತೆ ಸುಲ್ತಾನ ನಿದ್ದೆಗೆ ಜಾರುತ್ತಾನೆ. ಆ ಕರೆಯನ್ನು ರೆಕಾರ್ಡ್ ಮಾಡಲು ನನಗೆ ಇಷ್ಟು ಅಳುಕಾಗದು, ಅದು ಊರಿಗೆಲ್ಲ ಕೇಳಲೆಂದೇ ಕೂಗಿದ್ದು. ಪ್ಲಾಟ್‌ಫಾರಂ ಅನೌನ್ಸ್‌ಮೆಂಟು, ಸೊಪ್ಪಿನವಳ ಕೂಗು ಕೂಡ ಹಾಗೆಯೇ. ಒಪ್ಪಾರಿ ಬೀದಿಗೆಲ್ಲ ಕೇಳಿಸಿದರೂ ಒಬ್ಬರಿಗೆ ಹೇಳಿದ್ದು. ಯಾರಿಗೆ ಹೇಳಿದ್ದು ಎಂಬ ಭಾಗವನ್ನೇ ನಾನು ಕತ್ತರಿಸಿ ಎಸೆದಿದ್ದೆ. ಮರ್ಯಾದೆ ಎಂದುಕೊಂಡು ಮಾಡಿದ್ದೇ ದೊಡ್ಡ ತಪ್ಪಾಗಿರಬೇಕು.

ಎರಡನೇ ಪ್ರದರ್ಶನಕ್ಕೆ ಆ ಕ್ಯೂ ತೆಗೆದೆ. ನಟಿಯೇ ವಿಂಗ್ ಹಿಂದೆ ನಿಂತು ಅತ್ತಳು. ಸುಮಾರಾಗಿತ್ತು. ಮೂರನೇ ಸಾಲಿನಲ್ಲಿ ಯಾರದೋ ಫೋನು ಬೇರೆ ಹೊಡೆದುಕೊಂಡಿತು. ನಿರ್ದೇಶಕರು ನನ್ನೊಡನೆ ಒಂದು ವಾರ ಮಾತು ಬಿಟ್ಟರು.

ಫೈಲು ಇನ್ನೂ ಇದೆ, 'ಅಳು 3 ಫೈನಲ್' ಎಂಬ ಹೆಸರಿನಲ್ಲಿ. ಕತ್ತರಿಸದ ಹನ್ನೊಂದು ನಿಮಿಷವೂ ಇದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ, ನಡೆದದ್ದನ್ನು ಹೇಳಿ, ಅಕ್ಕನಿಗೆ ಕೊಟ್ಟುಬಿಡೋಣ ಎಂದು ಎರಡು ಸಲ ಅವರ ಗೇಟಿನವರೆಗೂ ಹೋಗಿದ್ದೇನೆ. ಸೈಕಲ್ಲು ಅಲ್ಲೇ ಗೋಡೆಗೆ ಒರಗಿದೆ.